ಟೀವಿ ಅಲ್ಲ ಕಾಕಾ

ಬ್ಯಾಟರಿ ಸತ್ತು, ಕೀಲು ಸಡಿಲಾಗಿ, ಗುಜರಿಯವನೂ ಮೂಗು ಮುರಿದ ಲ್ಯಾಪ್‌ಟಾಪಿಗೆ ಉಪಗ್ರಹದ ಮಾತು ಕೇಳಿಸುವ ಹುಚ್ಚು ನನಗೆ ಹತ್ತಿದ್ದು ಸರಿಯಾಗಿ ಸೋಯಾ ಸುಗ್ಗಿಯಲ್ಲಿ. ಆ ದಿನಗಳಲ್ಲಿ ಬೀದರಿನ ಧಾನ್ಯಪೇಟೆ ಗಾಂಧಿ ಗಂಜದೊಳಗೆ ಪಕ್ಕದಲ್ಲಿ ನಿಂತವನ ಮಾತೇ ಕೇಳಿಸುವುದಿಲ್ಲ.

ವಿಂಡೋಸ್ ಕಿತ್ತು ಹಗುರ ಲಿನಕ್ಸಾದ ಲುಬುಂಟು ಹಾಕಿದೆ. ಅದರ ಕಥೆ ಬೇಡ, ಅದನ್ನು ಹೇಳುವವರೊಬ್ಬರು ನಿಮ್ಮ ಮನೆಯಲ್ಲೂ ಇರುತ್ತಾರೆ. ತೊಡಕಾದದ್ದು ರೇಡಿಯೋ ಕಡ್ಡಿ. ಹೆಬ್ಬೆರಳಿನಷ್ಟಿರುವ ಈ ಯುಎಸ್‌ಬಿ ಕಡ್ಡಿಯನ್ನು ಮಾಡಿದ್ದು ಟೀವಿ ನೋಡಲಿಕ್ಕೆ. ಒಳಗಿನ ಆರ್‌ಟಿಎಲ್2832ಯು ಚಿಪ್ಪು ಕಚ್ಚಾ ರೇಡಿಯೋ ಸಂಕೇತವನ್ನೂ ಕಂಪ್ಯೂಟರಿಗೆ ಸುರಿಯಬಲ್ಲದು ಎಂಬುದು 2012ರ ಸುಮಾರಿಗೆ ಹವ್ಯಾಸಿಗಳ ಕಿವಿಗೆ ಬಿತ್ತು. ಲಿನಕ್ಸಿನ ಕಿವಿಗೆ ಇನ್ನೂ ಬಿದ್ದಿಲ್ಲ. ಚುಚ್ಚಿದ ಕೂಡಲೇ ‘ಓಹೋ, ಟೀವಿ!’ ಎಂದು ತನ್ನ ಡ್ರೈವರನ್ನು ಓಡಿಸಿ ಕಡ್ಡಿಯನ್ನು ಹಿಡಿದು ಕೂರುತ್ತದೆ. ಆ ಡ್ರೈವರಿನ ಹೆಸರನ್ನು ಕಪ್ಪುಪಟ್ಟಿಗೆ ಸೇರಿಸುವ ಒಂದು ಸಾಲು ಬರೆದು, ಮಷೀನು ಆರಿಸಿ ಹಚ್ಚಿದರೆ ಭ್ರಮೆ ಬಿಡುತ್ತದೆ. ಪಕ್ಕದ ಅಡತಿ ಅಂಗಡಿಯ ಕಾಕಾನಿಗೂ ಇದೇ ಭ್ರಮೆ; ಅದನ್ನು ಬಿಡಿಸುವ ಸಾಲು ಯಾವ ಫೈಲಿನಲ್ಲಿ ಬರೆಯಬೇಕೋ ನನಗೆ ಯಾರೂ ಹೇಳಿಕೊಟ್ಟಿಲ್ಲ.

ಸುಲಭಕ್ಕೆ ಸಿಗುತ್ತಿದ್ದ ಅಮೆರಿಕದ ಹಳೆಯ ನೋವಾ ಉಪಗ್ರಹಗಳನ್ನು 2025ರ ಆಗಸ್ಟ್ ಹೊತ್ತಿಗೆ ಆರಿಸಿಬಿಟ್ಟಿದ್ದರು. ಉಳಿದದ್ದು ರಷ್ಯಾದ ಮೆಟಿಯೋರ್. ಸುಮಾರು 820 ಕಿಲೋಮೀಟರ್ ಎತ್ತರದಲ್ಲಿ ಹಾಯುತ್ತಾ, 137.9 ಮೆಗಾಹರ್ಟ್ಸ್‌ನಲ್ಲಿ ಕೆಳಗಿನ ಮೋಡಗಳ ಚಿತ್ರ ಕಳಿಸುತ್ತದೆ. ಬಾಹ್ಯಾಕಾಶದ ಮಾತು ಕೇಳಲು ಇಸ್ರೋದವರಿಗೆ ಬ್ಯಾಲಾಳುವಿನಲ್ಲಿ 32 ಮೀಟರ್ ಅಗಲದ ತಟ್ಟೆ ಆಂಟೆನಾ ಇದೆ. ನನಗೆ ಬಾಗಿಲ ಪರದೆಯ ಎರಡು ಅಲ್ಯೂಮಿನಿಯಂ ಕೊಳವೆ ಸಿಕ್ಕವು. ಒಂದೊಂದನ್ನೂ 53.4 ಸೆಂಟಿಮೀಟರಿಗೆ ಕೊಯ್ದು, ನಡುವೆ 120 ಡಿಗ್ರಿ ಬಿಟ್ಟು, ಬಿದಿರಿಗೆ ಅಡ್ಡಡ್ಡ ಕಟ್ಟಿ ಮಾಳಿಗೆಯ ಮೇಲೆ ನಿಲ್ಲಿಸಿದೆ. ಈ ಆಂಟೆನಾದ ದೊಡ್ಡ ಗುಣವೆಂದರೆ ತಿರುಗಿಸುವ ಗರಜೇ ಇಲ್ಲ.

ಕಾಕಾ ಆಗಲೇ ಮಾಳಿಗೆ ಹತ್ತಿ ಬಿದಿರು ಹಿಡಿದಿದ್ದರು. ರಾಮಾಯಣ ಧಾರಾವಾಹಿಯ ಭಾನುವಾರಗಳಲ್ಲಿ ಆಂಟೆನಾ ತಿರುಗಿಸಿ ಇಡೀ ಓಣಿಗೆ ದೂರದರ್ಶನ ತಂದುಕೊಟ್ಟ ಕೈಗಳು ಅವು.

“ಬಂತೇನೋ?”

“ತಿರುಗಿಸಬ್ಯಾಡ್ರಿ ಕಾಕಾ, ಅದು ಟೀವಿ ಅಲ್ಲ!”

“ಗೊತ್ತದ. ಬಂತೇನು?”

ದಿಗಂತದಿಂದ ಮೇಲೇರುತ್ತಿದ್ದ ಉಪಗ್ರಹ ಅದೇ ಗಳಿಗೆಗೆ ಗೋದಾಮಿನ ತಗಡು ದಾಟಿತು. ಪರದೆಯ ಮೇಲೆ ಸಂಕೇತದ ಗುಡ್ಡ ಎದ್ದಿತು. “ಬಂತು!” ಎಂದು ಕೂಗಿದ್ದು ನಾನಲ್ಲ, ನನ್ನ ಬೆನ್ನ ಹಿಂದೆ ನಿಂತಿದ್ದ ಹಮಾಲರು. ಮುಗಿಯಿತು, ಬಂದದ್ದು ತನ್ನ ಕೈಗುಣದಿಂದ ಎಂದು ಕಾಕಾನಿಗೆ ಖಾತ್ರಿಯಾಯಿತು. ಇನ್ನೂ ಚಂದ ಬರಲೆಂದು ತುಸು ಪೂರ್ವಕ್ಕೆ ತಿರುಗಿಸಿದರು. “ಹೋತು!” ತುಸು ಪಶ್ಚಿಮಕ್ಕೆ. “ಬಂತು!” ಬಿದಿರನ್ನೇ ಬಗ್ಗಿಸಿದರು. “ಹೋತು ಹೋತು!” ರಸ್ತೆಯಲ್ಲಿ ಹೋಗುತ್ತಿದ್ದ ಆಟೋದವನು ಗಾಡಿ ನಿಲ್ಲಿಸಿ, ಯಾವ ಮ್ಯಾಚೆಂದು ಕೇಳಿದ. ಯಾರೋ “ಪಾಕಿಸ್ತಾನದ್ದು” ಅಂದರು. ಮೆಟ್ಟಿಲ ತುಂಬ ಜನ. ಸ್ಕೋರು ಕೇಳಿದವರಿಗೆ ಕಾಕಾ ಮೇಲಿನಿಂದಲೇ, “ತಡೀರಿ, ಸೆಟ್ ಮಾಡ್ಲತ್ತೀನಿ” ಎಂದು ಭರವಸೆ ಕೊಡುತ್ತಿದ್ದರು. ಹದಿನೈದು ನಿಮಿಷದೊಳಗೆ ಉಪಗ್ರಹ ಮುಳುಗಿತು. ಕಾಕಾ ಮಾತ್ರ ಬಿದಿರು ಬಿಡಲಿಲ್ಲ.

ಹಳೆಯ ಲ್ಯಾಪ್‌ಟಾಪು ಏದುಸಿರು ಬಿಡುತ್ತಾ ಚಿತ್ರ ಕಟ್ಟಿತು. ಬಂಗಾಳ ಕೊಲ್ಲಿಯ ಮೇಲೆ ಹತ್ತಿ ಹಿಂಜಿದಂಥ ಮೋಡ, ಅಂಚಿನಲ್ಲಿ ಸಿಂಹಳದ ತುದಿ. ನಡುನಡುವೆ ಕಪ್ಪು ಪಟ್ಟೆಗಳು, ಒಂದೊಂದು ಪಟ್ಟೆಯೂ ಕಾಕಾನ ಒಂದೊಂದು ‘ತುಸು’. ನನಗೆ ಕುಣಿಯುವಷ್ಟು ಖುಷಿ. ಇದಕ್ಕಿಂತ ಸ್ವಚ್ಛ ಚಿತ್ರವನ್ನು ಇನ್ಸಾಟ್ ಅರ್ಧ ಗಂಟೆಗೊಮ್ಮೆ ಪುಕ್ಕಟೆ ಕೊಡುತ್ತದೆ, ಮೊಬೈಲಿನಲ್ಲೇ ನೋಡಬಹುದು ಎಂದು ಮೆಟ್ಟಿಲ ಮೇಲಿನ ಒಬ್ಬ ಬುದ್ಧಿವಂತ ಹೇಳಿದ. ಇಂಥವರು ಮದುವೆ ಊಟದಲ್ಲಿ ಕೂತು ಹೋಳಿಗೆಯ ದರ ಹೇಳುತ್ತಾರೆ.

ಅಷ್ಟರಲ್ಲಿ, ಇಷ್ಟು ಹೊತ್ತು ಸುಮ್ಮನೆ ನಿಂತಿದ್ದ ರೈತನೊಬ್ಬ ಮುಂದೆ ಬಂದ. ಕೊಯ್ದ ಸೋಯಾ ಹೊಲದಲ್ಲೇ ಬಿದ್ದಿದೆಯಂತೆ. ನೆಂದರೆ ಗಂಜದಲ್ಲಿ ದರ ಏನಾಗುತ್ತದೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತು. “ಅಣ್ಣಾ, ನಮ್ಮ ಔರಾದ ಮ್ಯಾಲ ಏನ್ ಕಾಣ್ಲತ್ತದ್ರಿ?”

ಗದ್ದಲ ನಿಂತಿತು. ನಾನು ಚಿತ್ರ ಹಿಗ್ಗಿಸಿದೆ. ಒಂದು ಚುಕ್ಕಿ ಅಂದರೆ ನೆಲದ ಮೇಲೆ ಸುಮಾರು ಒಂದು ಕಿಲೋಮೀಟರ್. ಬೀದರ್ ಸಿಕ್ಕಿತು, ಭಾಲ್ಕಿಯ ಅರ್ಧ ಸಿಕ್ಕಿತು. ಔರಾದ ಪೂರ್ತಿ ಕಪ್ಪು ಪಟ್ಟೆಯೊಳಗೆ.

ಆತ ಮನೆಗೆ ಫೋನು ಹಚ್ಚಿದ. ಅಲ್ಲಿ ಆಗಲೇ ಹನಿ ಶುರುವಾಗಿತ್ತು. ತಾಡಪತ್ರಿ ಹೊದಿಸಲು ಕೂಗಿ ಹೇಳುತ್ತಲೇ ಮೆಟ್ಟಿಲಿಳಿದು ಓಡಿದ.

ಮಾಳಿಗೆಯಿಂದ ಇಳಿದು ಬಂದ ಕಾಕಾ ಕಪ್ಪು ಪಟ್ಟೆಯನ್ನು ನೋಡಿ ನನ್ನನ್ನೇ ಬೈದರು: “ನೀ ಸರಿಯಾಗಿ ಹೇಳಿದ್ರ, ಇನ್ನೊಂದ್ ತುಸು ತಿರುಗಿಸಿ ಔರಾದನೂ ತಂದು ಕೊಡ್ತಿದ್ದೆ!”