ಹಿಂಬದಿ ಬಂಪರ್ ಎತ್ತುವ ಶಾಸ್ತ್ರ

ಅಮೆರಿಕದ ಮಿನೆಸೋಟದ ಕಡೆ ಸ್ನೋಮೊಬೈಲ್ ಎಂಬ ಹಿಮದ ಗಾಡಿ ಕೊಳ್ಳಲು ಬಂದ ಗಂಡಸು ಮೊದಲು ಎಂಜಿನ್ ನೋಡುವುದಿಲ್ಲ, ಬೆಲೆಯನ್ನೂ ಕೇಳುವುದಿಲ್ಲ. ನೇರ ಗಾಡಿಯ ಹಿಂದಕ್ಕೆ ಹೋಗಿ, ಕಾಲಗಲಿಸಿ ನಿಂತು, ಬಂಪರಿಗೆ ಎರಡೂ ಕೈ ಹಾಕಿ ಒಮ್ಮೆ ಎತ್ತುತ್ತಾನೆ. ರಬ್ಬರ್ ಟ್ರ್ಯಾಕು ನೆಲ ಬಿಟ್ಟು ನಾಲ್ಕು ಬೆರಳು ಮೇಲೆದ್ದರೆ ಮುಖ ಅರಳುತ್ತದೆ. ಏಳದಿದ್ದರೆ ಸೊಂಟ ಹಿಡಿದುಕೊಂಡು, ಯಾರಿಗೋ ಸಂತಾಪ ಹೇಳುವ ದನಿಯಲ್ಲಿ, "ಫೋರ್ ಸ್ಟ್ರೋಕಾ?" ಎಂದು ಕೇಳುತ್ತಾನೆ. ಸೆಪ್ಟೆಂಬರಿನಲ್ಲಿ ನಾರ್ತ್ ಬ್ರಾಂಚ್ ಹತ್ತಿರದ ಬಯಲಿನಲ್ಲಿ 'ಹೇ ಡೇಸ್' ಎಂಬ ಜಾತ್ರೆ ಸೇರುತ್ತದೆ. ಹಿಮದ ಸುಳಿವೇ ಇಲ್ಲದ ಕಾಲದಲ್ಲಿ ಹುಲ್ಲಿನ ಮೇಲೆ ಸ್ನೋಮೊಬೈಲ್ ರೇಸು, ಪಕ್ಕದಲ್ಲಿ ಹಳೇ ಗಾಡಿ, ಹಳೇ ಬಿಡಿಭಾಗಗಳ ಸಂತೆ. ಅಲ್ಲಿ ಸಾಲು ಹಿಡಿದು ಬಂಪರ್ ಎತ್ತುತ್ತಾ ಹೋಗುವವರನ್ನು ನೋಡಿದರೆ ಇವರು ಗಾಡಿ ಕೊಂಡು ಹತ್ತುತ್ತಾರೋ, ಹೊತ್ತುಕೊಂಡು ಹೋಗುತ್ತಾರೋ ಎಂಬ ಅನುಮಾನ ಬರುತ್ತದೆ.

ನನಗೆ ಬೇಕಾಗಿದ್ದುದು ಟ್ರೇಲ್ ಗಾಡಿ. ಅಂದರೆ ಕ್ಲಬ್ಬಿನವರು ರಾತ್ರಿಯೆಲ್ಲ ಟ್ರ್ಯಾಕ್ಟರ್ ಓಡಿಸಿ ಹಿಮವನ್ನು ತಟ್ಟಿ ಸಮ ಮಾಡಿಟ್ಟ ದಾರಿಯಲ್ಲಿ ಸಂಸಾರಸ್ಥನಂತೆ ಹೋಗಿ ಬರುವ ಗಾಡಿ. ಈ ರಾಜ್ಯದ ಸಾರ್ವಜನಿಕ ಜಾಗಗಳಲ್ಲಿ ವೇಗದ ಮಿತಿ ಗಂಟೆಗೆ 50 ಮೈಲಿ, ನಮ್ಮ ಲೆಕ್ಕದಲ್ಲಿ 80 ಕಿಲೋಮೀಟರ್. ಅದಕ್ಕೆ ಅಂಗಡಿಯಲ್ಲಿ ತೋರಿಸುವುದು 120, 150, 180 ಅಶ್ವಶಕ್ತಿ. ಇಷ್ಟೊಂದು ಕುದುರೆಗಳನ್ನು ಏನು ಮಾಡಲಿ ಎಂದರೆ ಮಾರುವವನು ಉತ್ತರ ಕೊಡುವುದಿಲ್ಲ, ಬಂಪರ್ ಎತ್ತಿ ನೋಡಿ ಎನ್ನುತ್ತಾನೆ.

ಎತ್ತಿದೆ. 600 ಸಿಸಿ ಟೂ ಸ್ಟ್ರೋಕ್ ಗಾಡಿ 210ರಿಂದ 220 ಕೆಜಿ ಆಸುಪಾಸು. ಫೋರ್ ಸ್ಟ್ರೋಕ್ 240ರಿಂದ ಶುರುವಾಗಿ 280ರವರೆಗೂ ಹೋಗುತ್ತದೆ. ಇವೆಲ್ಲ 'ಡ್ರೈ ವೇಟ್', ಅಂದರೆ ಪೆಟ್ರೋಲು, ಎಂಜಿನ್ ಆಯಿಲ್, ಕೂಲೆಂಟ್ ಯಾವುದೂ ಇಲ್ಲದಾಗಿನ ತೂಕ. ಮದುವೆ ಜಾಹೀರಾತಿನಲ್ಲಿ ಹುಡುಗನ ಎತ್ತರ ಬರೆಯುವ ಹಾಗೆ, ಅದು ಸುಳ್ಳಲ್ಲ, ಆದರೆ ಆ ಸ್ಥಿತಿಯಲ್ಲಿ ಅವನನ್ನು ಯಾರೂ ಕಂಡಿರುವುದಿಲ್ಲ. 40 ಲೀಟರ್ ಪೆಟ್ರೋಲ್ ತುಂಬಿಸಿದ ಕೂಡಲೇ 30 ಕೆಜಿ ಏರುತ್ತದೆ. ಮೇಲೆ ನಾನು ಕೂರುತ್ತೇನೆ: ಉಣ್ಣೆಯ ಒಳಬಟ್ಟೆ, ಅದರ ಮೇಲೊಂದು, ಅದರ ಮೇಲೆ ದಪ್ಪ ಸೂಟು, ಹೆಲ್ಮೆಟ್ಟು, ಮೊಣಕಾಲಿನವರೆಗೆ ಬೂಟು, ಜೊತೆಗೆ ಮನೆಯವಳು ಕಟ್ಟಿಕೊಟ್ಟ ಚಪಾತಿ ಡಬ್ಬಿ. ಇಷ್ಟಾದ ಮೇಲೆ ಟೈಟಾನಿಯಂ ಸೈಲೆನ್ಸರ್ ಹಾಕಿಸಿ ನಾಲ್ಕು ಕೆಜಿ ಇಳಿಸಿದೆ ಎಂದು ಬೀಗುವವರಿದ್ದಾರೆ. ಅವರೇ ದಾರಿಯಲ್ಲಿ ಸಿಗುವ ಪ್ರತಿ ಬಾರಿನ ಮುಂದೆ ಗಾಡಿ ನಿಲ್ಲಿಸಿ ಕರಿದ ಚೀಸ್ ತುಂಡುಗಳನ್ನು ತಟ್ಟೆಗಟ್ಟಲೆ ಬಾರಿಸುವವರೂ ಹೌದು.

ಟೂ ಸ್ಟ್ರೋಕ್, ಫೋರ್ ಸ್ಟ್ರೋಕ್ ವ್ಯಾಜ್ಯ ನಮ್ಮವರಿಗೆ ಹೊಸದಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ನಮ್ಮ ಮನೆಯಲ್ಲಿತ್ತು. ಒದೆಯುವ ಲಿವರನ್ನೇ ಮಡಚಿದರೆ ಗೇರ್ ಲಿವರ್ ಆಗುತ್ತಿದ್ದ ಆ ಗಾಡಿಯ ನೀಲಿ ಹೊಗೆ ಕುಡಿದೇ ಬೆಳೆದವನು ನಾನು. ಓಣಿಯ ಆಚೆ ತುದಿಯಲ್ಲಿ ಬುಲೆಟ್ ಇಟ್ಟವರೊಬ್ಬರಿದ್ದರು, ಅವರದು ಭಾರದ ಪಂಗಡ. ಆಮೇಲೆ ಯಮಹಾ ಆರ್‌ಎಕ್ಸ್ 100 ಬಂತು. ನೂರು ಕೆಜಿ ಮೈ, ಕೀಚಲು ದನಿ, ಸಿಗ್ನಲ್ಲಿನಲ್ಲಿ ಎಲ್ಲರಿಗಿಂತ ಮುಂದೆ. ಬೆಂಗಳೂರಿನ ಹುಡುಗರ ಎದೆಯಲ್ಲಿ ಅದು ಇವತ್ತಿಗೂ ಓಡುತ್ತಿದೆ. ಅದೇ ಯಮಹಾ ಹಿಮದ ನಾಡಿನಲ್ಲಿ ಉಲ್ಟಾ ಹೊಡೆಯಿತು. 2003ರಲ್ಲಿ ಆರ್‌ಎಕ್ಸ್-1 ಎಂಬ ಫೋರ್ ಸ್ಟ್ರೋಕ್ ಸ್ನೋಮೊಬೈಲ್ ತಂದು, ಮುಂದೆ ಆ ದಾರಿಯನ್ನೇ ಹಿಡಿಯಿತು. ಭಾರ ಎಂದು ಜನ ಆಡಿಕೊಂಡರು, ಸಾಯುವುದಿಲ್ಲ ಎಂದು ಹೊಗಳಿದರು, ಕೊಂಡಿದ್ದು ಮಾತ್ರ ಹಗುರದ್ದನ್ನು. 2023ರಲ್ಲಿ ಕಂಪನಿ ಸ್ನೋಮೊಬೈಲಿಗೇ ಕೈ ಮುಗಿಯುವುದಾಗಿ ಸಾರಿತು. ಕೆಡದ ಗಾಡಿ ಮಾಡಿದರೆ ಗಿರಾಕಿ ಮತ್ತೆ ಅಂಗಡಿಗೆ ಯಾಕೆ ಬರುತ್ತಾನೆ ಎಂಬುದು ನನ್ನ ಖಾಸಗಿ ಗುಮಾನಿ.

ಟೂ ಸ್ಟ್ರೋಕಿನ ಒಂದು ವಿದ್ಯೆಗೆ ಮಾತ್ರ ನಾನು ಸೋತಿದ್ದೇನೆ. ಈಗಿನ ಬಹುಪಾಲು ಟೂ ಸ್ಟ್ರೋಕ್ ಗಾಡಿಗಳಿಗೆ ರಿವರ್ಸ್ ಗೇರೇ ಇಲ್ಲ. ಗುಂಡಿ ಒತ್ತಿದರೆ ಎಂಜಿನ್ ಇನ್ನೇನು ಸತ್ತಿತು ಎನ್ನುವಷ್ಟು ನಿಧಾನವಾಗಿ, ಕೊನೆಯುಸಿರಿನಲ್ಲಿ ಮನಸ್ಸು ಬದಲಾಯಿಸಿ, ಉಲ್ಟಾ ತಿರುಗಲು ಶುರು ಮಾಡುತ್ತದೆ. ಒಂದು ಗ್ರಾಂ ಕಬ್ಬಿಣ ಹೆಚ್ಚಿಲ್ಲದೆ ಹಿಂದಕ್ಕೆ ಹೋಗುವ ಉಪಾಯ. ಫೋರ್ ಸ್ಟ್ರೋಕಿಗೆ ವಾಲ್ವುಗಳ ಬಂಧನ, ಹಾಗೆ ಹುಚ್ಚಾಟ ಆಡಲಾರದು, ಬೇರೆ ಗೇರೇ ಬೇಕು. ಆದರೆ ಮೈನಸ್ 30ರಲ್ಲಿ ರಾತ್ರಿಯಿಡೀ ನಿಂತ ಟೂ ಸ್ಟ್ರೋಕನ್ನು ಚಾಲೂ ಮಾಡಿದವನೇ ಥ್ರಾಟಲ್ ಒತ್ತಿದರೆ, ಅಲ್ಯೂಮಿನಿಯಂ ಪಿಸ್ಟನ್ ಬಿಸಿಗೆ ಬೇಗ ಹಿಗ್ಗಿ, ಇನ್ನೂ ತಣ್ಣಗಿರುವ ಸಿಲಿಂಡರಿನೊಳಗೆ ಕಚ್ಚಿಕೊಳ್ಳುತ್ತದೆ. ಯೆಜ್ಡಿ ಕಾಲದವರಿಗೆ ವಿವರಿಸಬೇಕಿಲ್ಲ, 'ಸೀಜ್ ಆಯ್ತು' ಎಂದರೆ ಸಾಕು, ಮನೆಯಲ್ಲಿ ಎರಡು ದಿನ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ.

ಸ್ನೋಮೊಬೈಲಿನ ಚರಿತ್ರೆ ಓದಿದರೆ ಹಳಬರು ಬಂಪರ್ ಎತ್ತುತ್ತಾ ಕೂತಂತೆ ಕಾಣುವುದಿಲ್ಲ. ಕ್ವಿಬೆಕ್ಕಿನ ಜೋಸೆಫ್ ಆರ್ಮಾಂಡ್ ಬೊಂಬಾರ್ಡಿಯೆ ಅವರ ಎರಡು ವರ್ಷದ ಮಗ 1934ರ ಚಳಿಗಾಲದಲ್ಲಿ ತೀರಿಕೊಂಡ. ದಾರಿಯಲ್ಲಿ ಹಿಮ ತುಂಬಿ ಆಸ್ಪತ್ರೆಗೆ ಒಯ್ಯಲಾಗಲಿಲ್ಲ. ಆ ಮನುಷ್ಯ ಹಿಮದ ಗಾಡಿಯ ಬೆನ್ನು ಬಿದ್ದದ್ದಕ್ಕೆ ಬಂಪರ್ ಕಾರಣವಲ್ಲ. 1960ರಲ್ಲಿ ಪೊಲಾರಿಸ್ ಕಂಪನಿಯ ಎಡ್ಗರ್ ಹೆಟೀನ್ ತಮ್ಮ ಗಾಡಿ ಗಟ್ಟಿ ಎಂದು ತೋರಿಸಲು ಅಲಾಸ್ಕವನ್ನು ಅಡ್ಡಡ್ಡ ದಾಟಿದರು. 1968ರಲ್ಲಿ ಮಿನೆಸೋಟದ ವಿಮಾ ವ್ಯಾಪಾರಿ ರಾಲ್ಫ್ ಪ್ಲೇಸ್ಟೆಡ್ ಸಂಗಡಿಗರ ಜೊತೆ ಸ್ನೋಮೊಬೈಲಿನಲ್ಲೇ ಉತ್ತರ ಧ್ರುವ ಮುಟ್ಟಿದರು. ಆ ಗಾಡಿಗಳ ಶಕ್ತಿ 16 ಅಶ್ವಶಕ್ತಿ. ಧ್ರುವಕ್ಕೆ 16 ಕುದುರೆ ಸಾಕಾಗಿತ್ತು, ಚೀಸ್ ತಿನ್ನಲು 150 ಬೇಕು.

ಆದ್ದರಿಂದ ನನ್ನ ತೀರ್ಮಾನ ಸ್ಪಷ್ಟವಿತ್ತು. ತೂಕದ ಚಿಂತೆ ವಯೋಮಿಂಗಿನ ಬೆಟ್ಟಗಳಲ್ಲಿ ಎದೆಮಟ್ಟದ ಪುಡಿಹಿಮದಲ್ಲಿ ಗಾಡಿಯನ್ನು ಮಗ್ಗುಲಿಗೆ ವಾಲಿಸಿ ಓಡಿಸುವವರದು, ಅವರಿಂದ ನಮ್ಮ ಟ್ರೇಲಿನವರು ಸಾಲ ತಂದ ಚಿಂತೆ. ಸಪಾಟು ದಾರಿಯಲ್ಲಿ ಭಾರ ಹೊರುವುದು ನೆಲ. ಸೆಕೆಂಡ್ ಹ್ಯಾಂಡ್ ಫೋರ್ ಸ್ಟ್ರೋಕ್ ತಂದೆ. ಮನೆಯ ಮುಂದೆ ಇಳಿಸುವಾಗ ದಾವಣಗೆರೆಯ ಗೆಳೆಯ ಬಂದ. ಅವನದು ಟೂ ಸ್ಟ್ರೋಕ್, ಹಗುರದ ಪಂಥದ ಕಟ್ಟಾ ಭಕ್ತ. ಹಿಂದೆ ಹೋದ, ಬಂಪರ್ ಹಿಡಿದ, ಎಳೆದ, ಬಿಟ್ಟ. "ಏನೋ ಇದು, ಆನೀನ ತಂದೀಯಲ್ಲೋ" ಎಂದ.

ಇಬ್ಬರೂ ನಾರ್ತ್ ಶೋರ್ ಟ್ರೇಲಿಗೆ ಹೊರಟೆವು. ಡುಲೂತಿನಿಂದ ಗ್ರ್ಯಾಂಡ್ ಮರೇವರೆಗೆ, ಸುಪೀರಿಯರ್ ಸರೋವರದ ಮೇಲಿನ ಗುಡ್ಡಗಳಲ್ಲಿ 146 ಮೈಲಿ ದಾರಿ. ಸಿಲ್ವರ್ ಬೇ ದಾಟಿದ ಮೇಲೆ ಹಿಂದೆ ದೀಪ ಕಾಣಲಿಲ್ಲ. ತಿರುಗಿ ಹೋದರೆ ಗೆಳೆಯ ಗಾಡಿಯ ಪಕ್ಕದ ಮುಚ್ಚಳ ತೆಗೆದು ಒಳಗೆ ಇಣುಕುತ್ತಿದ್ದ, ಸುಟ್ಟ ರಬ್ಬರಿನ ವಾಸನೆ. ಎಂಜಿನ್ನಿನ ಶಕ್ತಿಯನ್ನು ಟ್ರ್ಯಾಕಿಗೆ ದಾಟಿಸುವ ಬೆಲ್ಟು ಹರಿದು, ಅದರ ನೂಲು ಕ್ಲಚ್ಚಿನ ತಟ್ಟೆಗಳ ನಡುವೆ ಕೂದಲಿನಂತೆ ಸುತ್ತಿಕೊಂಡಿತ್ತು. ಬೆಲ್ಟು ಹರಿಯುವುದು ದೊಡ್ಡ ವಿಷಯವಲ್ಲ. ಯಾವ ಗಾಡಿಯಲ್ಲೂ ಹರಿಯುತ್ತದೆ, ಎಲ್ಲರೂ ಇನ್ನೊಂದನ್ನು ಇಟ್ಟುಕೊಂಡಿರುತ್ತಾರೆ, ಹತ್ತು ನಿಮಿಷದ ಕೆಲಸ.

"ಇನ್ನೊಂದು ಎಲ್ಲಿ?" ಎಂದೆ.

"ಮನ್ಯಾಗೈತಿ."

"ಯಾಕೆ?"

"ಒಂದು ಕೆಜಿ ಬರ್ತದಲ್ಲೋ."

ನನ್ನ ಬೆಲ್ಟಿನ ಅಳತೆ ಬೇರೆ. ಕೈಗವಸು ತೆಗೆದು ನೂಲು ಕೀಳುವಷ್ಟರಲ್ಲಿ ಅವನ ಬೆರಳುಗಳು ಮರಗಟ್ಟಿ, ನನ್ನ ಗಾಡಿಯ ಬಿಸಿ ಹ್ಯಾಂಡಲ್ ಹಿಡಿದು ನಿಂತ. ಆನೆ ಆಗ ಬಹಳ ಇಷ್ಟವಾದಂತೆ ಕಂಡಿತು. ಹಗ್ಗ ಕಟ್ಟಿ ಎಳೆದೆ. ಎಳೆಯುತ್ತಿದ್ದೇನೆಂಬುದು ನನ್ನ ಗಾಡಿಗೆ ತಿಳಿದಂತೆಯೇ ಇರಲಿಲ್ಲ. ನಾನು ಮನಸ್ಸಿನಲ್ಲೇ ಯಮಹಾ ಕಂಪನಿಗೆ ಸಮಾಧಾನದ ಪತ್ರ ಬರೆಯುತ್ತಿದ್ದೆ.

ತಿರುವಿನಲ್ಲಿ ಎದುರಿನಿಂದ ಗಾಡಿಗಳ ಸಾಲು ಬಂತು. ಬಲಕ್ಕೆ ಸರಿದೆ. ತಟ್ಟಿದ ದಾರಿ ಮುಗಿದು ತಟ್ಟದ ಹಿಮ ಶುರುವಾಗುವುದು ಒಂದು ಗೇಣಿನ ವ್ಯತ್ಯಾಸದಲ್ಲಿ. ಬಲಗಡೆಯ ಸ್ಕೀ ಇಳಿಯಿತು, ಹಿಂದೆಯೇ ಉಳಿದದ್ದೂ ಇಳಿಯಿತು, ನಾನು ಸೊಂಟದವರೆಗೆ ಹಿಮದಲ್ಲಿ ನಿಂತಿದ್ದೆ. ಎಂಜಿನ್ ಮಾತ್ರ ಸುಖವಾಗಿ ಓಡುತ್ತಲೇ ಇತ್ತು. ಸಾಲಿನವರು ಸಭ್ಯರು, ಎಲ್ಲರೂ ಇಳಿದು ಬಂದರು. ಎಪ್ಪತ್ತು ದಾಟಿದಂತಿದ್ದ ಅಜ್ಜನೊಬ್ಬ ಎಲ್ಲರನ್ನೂ ಸರಿಸಿ, ಹಿಂದೆ ಹೋಗಿ, ಬಂಪರಿಗೆ ಕೈ ಹಾಕಿ ಒಮ್ಮೆ ಎತ್ತಿ ನೋಡಿ, "ಫೋರ್ ಸ್ಟ್ರೋಕಾ?" ಎಂದ. ಉಳಿದವರೆಲ್ಲ ಸೇರಿ ಮೊದಲು ಹಿಂಭಾಗವನ್ನು ದಾರಿಗೆ ಎಸೆದರು, ಆಮೇಲೆ ಮೂತಿಯನ್ನು. ಈ ನಡುವೆ ನನ್ನ ಗೆಳೆಯ ತನ್ನ ಗಾಡಿಯನ್ನು ಒಬ್ಬನೇ ಎತ್ತಿ ಪಕ್ಕಕ್ಕಿಟ್ಟು, ಎಲ್ಲರಿಗೂ ಕಾಣುವ ಹಾಗೆ ಕೈ ಕೊಡವಿಕೊಂಡ.

ಇಷ್ಟೆಲ್ಲ ಆದರೂ ಇಬ್ಬರೂ ಪಕ್ಷ ಬದಲಿಸಿಲ್ಲ. ನಿನ್ನ ಗಾಡಿ ಹೂತರೆ ಊರೇ ಬರಬೇಕು ಎಂದು ಅವನು, ನಿನ್ನದು ನಿಂತರೆ ನಾನು ಬರಬೇಕು ಎಂದು ನಾನು. ಬೆಲ್ಟನ್ನು ಈಗ ಅವನೇ ತರುತ್ತಾನೆ, ನಾನು ಪ್ರತಿ ಸಲ ಹೊರಡುವ ಮುನ್ನ ತೆಗೆಸಿ ನೋಡುತ್ತೇನೆ. ಎಳೆಯುವ ಹಗ್ಗವನ್ನೂ ಹೊಸದಾಗಿ ಕೊಂಡಿದ್ದಾನೆ, ಒಳ್ಳೆಯ ನೈಲಾನಿನದು. ಕೊಂಡವನು ನೇರ ನಮ್ಮ ಮನೆಗೆ ಬಂದು ನನ್ನ ಸೀಟಿನ ಹಿಂದಿನ ಚೀಲದಲ್ಲಿ ತುರುಕಿದ. "ನಂದ್ರಾಗ ಇಟ್ರ ತೂಕ ಆಗ್ತದೋ, ಹೆಂಗೂ ಎಳಿಯಾಂವ ನೀನ ಅಲ್ಲೇನು" ಎಂದ.