ಅಳಿದುಳಿದವರ ಲಕ್ಷಣಶಾಸ್ತ್ರ

ದವಡೆ, ಕಿವಿಯ ಮೂಳೆ ನೋಡಿ ಆದಿ ಸಸ್ತನಿಗಳನ್ನೂ ಅವುಗಳ ಬಂಧುಬಳಗವನ್ನೂ ವಿಂಗಡಿಸುವುದು ಪಂಡಿತರ ಪದ್ಧತಿ. ಪ್ರಸ್ತುತ ಶಾಸ್ತ್ರ ಆ ತಾಪತ್ರಯಕ್ಕೆ ಹೋಗುವುದಿಲ್ಲ. ಪ್ರಳಯ ಬಂದಾಗ ಯಾರು ಹೇಗೆ ನುಣುಚಿಕೊಂಡರು ಎಂಬುದಷ್ಟೇ ಇಲ್ಲಿ ಪ್ರಮಾಣ.

ಮೊದಲನೆಯವರು ಬಿಲಸ್ಥರು. 25.2 ಕೋಟಿ ವರ್ಷಗಳ ಹಿಂದೆ ಸೈಬೀರಿಯಾದಲ್ಲಿ ಲಾವಾ ಉಕ್ಕಿ, ಭೂಮಿ ಕಾದು, ಜೀವಕುಲದ ಬಹುಪಾಲು ನಾಶವಾಯಿತಷ್ಟೆ. ಅದರ ಬೆನ್ನಿಗೇ ದಕ್ಷಿಣ ಆಫ್ರಿಕಾದ ಕರೂ ಸೀಮೆಯಲ್ಲಿ ಕಾಣಿಸಿಕೊಂಡ ಥ್ರಿನಾಕ್ಸೊಡಾನ್ ಈ ವರ್ಗದ ಆದರ್ಶಪುರುಷ. ಬಿಲದಲ್ಲಿ ಸುಮ್ಮನೆ ಮಲಗುವುದೇ ಇವನ ಪುರುಷಾರ್ಥ. ಒಂದು ಬಿಲದಲ್ಲಿ ಇವನ ಪಕ್ಕದಲ್ಲೇ ಪಕ್ಕೆಲುಬು ಮುರಿದ ಉಭಯಚರವೊಂದರ ಅಸ್ಥಿಯೂ ಸಿಕ್ಕಿರುವುದರಿಂದ, ‘ಬಾಡಿಗೆ ಕೊಡದ ಬಿಲಸ್ಥರು’ ಎಂಬ ಉಪಭೇದವನ್ನೂ ಒಪ್ಪಬೇಕಾಗುತ್ತದೆ.

ಎರಡನೆಯವರು ಗೆದ್ದೂ ನಿರ್ವಂಶರಾದವರು. ಎರಡು ಕೋರೆಹಲ್ಲಿನ ಲಿಸ್ಟ್ರೊಸಾರಸ್ ಅದೇ ಪ್ರಳಯ ದಾಟಿ ಅಂಟಾರ್ಕ್ಟಿಕಾ, ಕರೂ, ನಮ್ಮ ದಾಮೋದರ ಕಣಿವೆಯವರೆಗೂ ಹಬ್ಬಿತ್ತು. ಆಗ ಚುನಾವಣೆ ನಡೆದಿದ್ದರೆ ಉಳಿದವರಿಗೆಲ್ಲ ಠೇವಣಿ ನಷ್ಟ. ಇವತ್ತು ಅದರ ಸಂತತಿ ಒಂದೂ ಇಲ್ಲ. ಮಲ್ಟಿಟ್ಯೂಬರ್ಕ್ಯುಲೇಟ್ ಎಂಬ ಸಸ್ತನಿಗಳದೂ ಇದೇ ಪಂಕ್ತಿ: 6.6 ಕೋಟಿ ವರ್ಷಗಳ ಹಿಂದಿನ ಕ್ಷುದ್ರಗ್ರಹದ ಹೊಡೆತ ತಡೆದುಕೊಂಡವು, ಶಾಂತಿಕಾಲದಲ್ಲಿ ನಶಿಸಿದವು.

ಮೂರನೆಯವರು ನಿಶಾಚರರು, ಶಾಸ್ತ್ರದ ಸಾರವೆಲ್ಲ ಇವರಲ್ಲೇ ಇದೆ. 20.1 ಕೋಟಿ ವರ್ಷಗಳ ಹಿಂದಿನ ಪ್ರಳಯದಲ್ಲಿ ಮೊಸಳೆಯ ದಾಯಾದಿಗಳು ಬಹಳಷ್ಟು ಅಳಿದು, ಹಗಲು ಡೈನೊಸಾರ್‌ಗಳ ಪಾಲಾಯಿತು. ಮೋರ್ಗನುಕೊಡಾನ್‌ನಂಥ ಸುಂಡಿಲಿ ಗಾತ್ರದವರಿಗೆ ಉಳಿದದ್ದು ರಾತ್ರಿ ಪಾಳಿ. ಕತ್ತಲಲ್ಲಿ ಬಣ್ಣ ಕಟ್ಟಿಕೊಂಡು ಏನಾಗಬೇಕು? ಪೂರ್ವಜರ ಕಣ್ಣಲ್ಲಿದ್ದ ನಾಲ್ಕು ಬಗೆಯ ವರ್ಣಗ್ರಾಹಿಗಳಲ್ಲಿ ಎರಡು ನಮ್ಮ ವಂಶಕ್ಕೆ ಕಳೆದುಹೋದವು. ಮೂಗು, ಕಿವಿ ಚುರುಕಾದವು. ಕೆಂಪು ಬಟ್ಟೆ ಕಂಡು ಹೋರಿ ಕೆರಳುತ್ತದೆ ಎಂದು ನಾವು ನಂಬಿದ್ದೇವೆ, ಪಾಪ, ಅದಕ್ಕೆ ಕೆಂಪು ಹಸಿರಿನ ಭೇದವೇ ಸರಿಯಾಗಿ ತಿಳಿಯದು. ನಮ್ಮ ಕೋತಿ ಕುಲ ಮಾತ್ರ ಬಹುಕಾಲದ ಮೇಲೆ ಮೂರನೆಯ ಗ್ರಾಹಿಯನ್ನು ಮತ್ತೆ ಸಂಪಾದಿಸಿತು. ಎಲೆಗಳ ನಡುವೆ ಹಣ್ಣು ದೂರದಿಂದಲೇ ನಮ್ಮ ಕಣ್ಣಿಗೆ ಬೀಳುವುದು ಆ ಕೃಪೆಯಿಂದ.

ಪೂರ್ವಪಕ್ಷ: ಆ ಕಾಲದ ಸಸ್ತನಿಗಳೆಲ್ಲ ಹೇಡಿಗಳು. ಖಂಡನೆ: ಚೀನಾದ ರೆಪೆನೊಮಾಮಸ್‌ನ ಹೊಟ್ಟೆಯಲ್ಲಿ ಡೈನೊಸಾರ್ ಮರಿಯ ಮೂಳೆಗಳೇ ಸಿಕ್ಕಿವೆ. ಚರ್ಚೆ ಮುಗಿಯಿತು.

ನಾಲ್ಕನೆಯವರು ಊಟದಲ್ಲಿ ಚೌಕಾಸಿ ಮಾಡದವರು. ಕ್ಷುದ್ರಗ್ರಹ ಎಬ್ಬಿಸಿದ ಧೂಳಿನ ಕತ್ತಲಲ್ಲಿ ಹುಳುಹುಪ್ಪಟೆ, ಬೀಜ ಸಿಕ್ಕರೂ ಸಾಕೆಂದವರು. ಅಮೆರಿಕದ ಕೊಲೊರಾಡೊದಲ್ಲಿ ಸುಮಾರು 7 ಲಕ್ಷ ವರ್ಷಗಳೊಳಗೆ ಇವರ ಸಂತತಿಯಲ್ಲಿ ಕೆಲವರು 50 ಕಿಲೋ ತೂಗತೊಡಗಿದ್ದರು.

ಐದನೆಯ ವರ್ಗಕ್ಕೆ ಇನ್ನೂ ಲಕ್ಷಣ ಹೇಳಲು ಬಂದಿಲ್ಲ. ನಮ್ಮ ಗೋಕಾಕ, ತೆಲಂಗಾಣದ ನಸ್ಕಲ್, ಮಧ್ಯಪ್ರದೇಶದ ಕಿಸಲ್‌ಪುರಿ ಈ ಮೂರು ಕಡೆ ದಖನ್ನಿನ ಲಾವಾ ಪದರಗಳ ನಡುವೆ ಒಂದು ಸಸ್ತನಿಯ ಬಿಡಿ ಹಲ್ಲುಗಳು ಸಿಕ್ಕಿವೆ. 2007ರಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ಅದಕ್ಕೆ ಎರಡು ಹೆಸರಿಟ್ಟವು. ಮೊದಲು ಅಚ್ಚಾದ ಭಾರತಥೇರಿಯಂ ಉಳಿಯಿತು, ‘ದಕ್ಷಿಣ’ ಅಳಿಯಿತು.