ಇರಲಿ, ಯಾವುದಕ್ಕಾದರೂ ಬರುತ್ತೆ

ಕಳೆದ ಭಾನುವಾರ ಬೆಳಿಗ್ಗೆ ನನ್ನ ರೇಜರ್ ಮುಷ್ಕರ ಹೂಡಿತು. ಹಳೆ ಬ್ಲೇಡು ತೆಗೆದು ಹೊಸದು ಹಾಕೋಣವೆಂದು ಹಿಡಿಯನ್ನು ತಿರುಗಿಸಿದರೆ ತಲೆ ಕಳಚಲೊಲ್ಲದು. ಎಡಕ್ಕೆ ತಿರುಗಿಸಿದೆ, ಬಲಕ್ಕೆ ತಿರುಗಿಸಿದೆ, ಟವೆಲ್ ಸುತ್ತಿ ತಿರುಗಿಸಿದೆ. ತಿರುಗಿದ್ದು ನನ್ನ ಮಣಿಕಟ್ಟು ಮಾತ್ರ. ನೊರೆಯನ್ನು ಮೊದಲೇ ಹಚ್ಚಿಕೊಂಡುಬಿಟ್ಟಿದ್ದೆ. ಅದು ಕೆನ್ನೆಯ ಮೇಲೆ ಬೇಸಿಗೆಯ ಕೆರೆಯಂಗಳದಂತೆ ಬಿರಿಯತೊಡಗಿತು. ಅಷ್ಟರಲ್ಲಿ ಕರೆಗಂಟೆ. "ರೀ, ಪೇಪರಿನ ಹುಡುಗ, ಬಿಲ್ ಕೊಟ್ಬಿಡಿ" ಎಂದಳು ಹೆಂಡತಿ. ಬಾಗಿಲು ತೆರೆದೆ. ಹುಡುಗ ನನ್ನ ಮುಖ ನೋಡಿ, "ಪರವಾಗಿಲ್ಲ ಸಾರ್, ಮುಂದಿನ ವಾರ ಬರ್ತೀನಿ" ಎಂದು ಹೊರಟೇಹೋದ. ರೇಜರ್ ಕೆಟ್ಟಿದ್ದರಿಂದ ಆದ ಲಾಭ ಅದೊಂದೇ.

ಅದು ಅಪ್ಪನ ರೇಜರ್. ಅಪ್ಪನ ಬಾಯಲ್ಲಿ 'ಶೇವಿಂಗ್ ಸೆಟ್ಟು'. ಹಿತ್ತಾಳೆಯದು, ಮೇಲೆ ನಿಕ್ಕಲ್ ಲೇಪ. ಹಿಡಿಯ ನಡುವೆ, ಅಪ್ಪನ ಹೆಬ್ಬೆರಳು ಕೂರುತ್ತಿದ್ದ ಜಾಗದಲ್ಲಿ, ಲೇಪ ಸವೆದು ಒಳಗಿನ ಹಳದಿ ಇಣುಕುತ್ತದೆ. ಇರುವುದು ಮೂರೇ ತುಂಡು: ಮೇಲೊಂದು ಟೋಪಿ, ನಡುವೆ ಹಲ್ಲಿನ ಪಟ್ಟಿ, ಕೆಳಗೆ ಹಿಡಿ. ಟೋಪಿಗೂ ಪಟ್ಟಿಗೂ ನಡುವೆ ಬ್ಲೇಡು, ಮಸಾಲೆ ದೋಸೆಯೊಳಗಿನ ಕೆಂಪು ಚಟ್ನಿಯ ಹಾಗೆ, ಕಂಡೂ ಕಾಣದಂತೆ.

ಈ ತೆಳ್ಳನೆಯ ಬ್ಲೇಡಿನ ಹಿಂದೆ ಇರುವವನು ಕಿಂಗ್ ಕ್ಯಾಂಪ್ ಜಿಲೆಟ್ ಎಂಬ ಅಮೆರಿಕದ ಸೇಲ್ಸ್‌ಮನ್. ಬಾಟಲಿಯ ಬಿರಡೆ ತಯಾರಿಸುವ ಕಂಪನಿಯಲ್ಲಿ ಅವನಿಗೆ ಕೆಲಸ. ಆ ಬಿರಡೆಯನ್ನು ಕಂಡುಹಿಡಿದ ವಿಲಿಯಂ ಪೇಂಟರ್ ಅವನಿಗೊಂದು ಉಪದೇಶ ಕೊಟ್ಟನಂತೆ: ಒಮ್ಮೆ ಬಳಸಿ ಬಿಸಾಡುವಂಥದ್ದೇನಾದರೂ ಕಂಡುಹಿಡಿ, ಗಿರಾಕಿ ತಾನಾಗಿ ಮತ್ತೆ ಬರುತ್ತಾನೆ. 1895ರಲ್ಲಿ ಒಂದು ಬೆಳಿಗ್ಗೆ, ಮೊಂಡಾದ ಕತ್ತಿ ಹಿಡಿದು ಕನ್ನಡಿಯ ಮುಂದೆ ನಿಂತಾಗ ಜಿಲೆಟ್ಟನಿಗೆ ಆ ಉಪದೇಶ ಫಲಿಸಿತು. ಅಷ್ಟು ತೆಳುವಾದ ಉಕ್ಕಿಗೆ ಹರಿತ ಬರುವುದೇ ಇಲ್ಲ ಎಂದು ಬಲ್ಲವರೆಲ್ಲ ತಲೆಯಾಡಿಸಿದರು. ನಿಕರ್ಸನ್ ಎಂಬ ಎಂಜಿನಿಯರ್ ಬರಿಸಿ ತೋರಿಸಿದ. 1903ರಲ್ಲಿ, ಮಾರಾಟದ ಮೊದಲ ವರ್ಷ, ಖರ್ಚಾದದ್ದು 51 ರೇಜರ್, 168 ಬ್ಲೇಡು. ನಮ್ಮ ಬೀದಿಯ ಶೆಟ್ಟರಾಗಿದ್ದರೆ ಅಷ್ಟಕ್ಕೇ ಅಂಗಡಿಯಲ್ಲಿ ಈರುಳ್ಳಿ ಮೂಟೆ ಇಳಿಸಿಕೊಳ್ಳುತ್ತಿದ್ದರು. ಅವನು ಬಿಡಲಿಲ್ಲ. 1904ರ ನವೆಂಬರಿನಲ್ಲಿ ಪೇಟೆಂಟೂ ಕೈಗೆ ಬಂತು. ಮುಂದೆ ಬ್ಲೇಡಿನ ಪೊಟ್ಟಣದ ಮೇಲೆ ಅವನ ಮುಖವೇ ಅಚ್ಚಾಗಿ ಲೋಕಸಂಚಾರ ಮಾಡಿತು. ಜಗತ್ತಿಗೆಲ್ಲ ಬ್ಲೇಡು ಹಂಚಿದ ಆ ಮಹಾಶಯನ ಮುಖದ ಮೇಲೆ ಮಾತ್ರ ದಪ್ಪ ಮೀಸೆ! ಬೆಂಗಳೂರಿನಲ್ಲಿ 'ಬ್ಲೇಡ್ ಕಂಪನಿ' ಎಂದರೆ ಚೀಟಿ ದುಡ್ಡಿನೊಂದಿಗೆ ರಾತ್ರೋರಾತ್ರಿ ಮಾಯವಾಗುವ ಕಂಪನಿ ಎಂಬ ಅರ್ಥ ಯಾಕೆ ಬಂತೋ, ಪಾಪ, ಅದರಲ್ಲಿ ಅವನ ಪಾತ್ರವೇನೂ ಇಲ್ಲ.

ಬಳಸಿ ಬಿಸಾಡು ಎಂಬ ಅವನ ಮಂತ್ರ ಸಮುದ್ರ ದಾಟಿ, ಅಂಗಡಿ ದಾಟಿ ನಮ್ಮ ಮನೆಯ ಹೊಸ್ತಿಲಿನವರೆಗೆ ಸರಿಯಾಗಿಯೇ ಬಂತು. ಒಳಗೆ ಬಂದಮೇಲೆ ನಡೆಯಲಿಲ್ಲ. ನಮ್ಮ ಮನೆಯ ಮಂತ್ರ ಬೇರೆ: "ಇರಲಿ, ಯಾವುದಕ್ಕಾದರೂ ಬರುತ್ತೆ."

ಅಪ್ಪ ಸರ್ಕಾರಿ ಗುಮಾಸ್ತರು. ಹೊಸ ಬ್ಲೇಡು ಬಿಚ್ಚಿದ ದಿನ ಅದರ ಮೇಣದ ಕಾಗದದ ಮೇಲೆ ಪೆನ್ಸಿಲ್ಲಿನಲ್ಲಿ ತಾರೀಖು ಬರೆದಿಡುತ್ತಿದ್ದರು. ಆ ಪೆನ್ಸಿಲ್ಲನ್ನು ಹೆರೆದದ್ದು ಹಿಂದಿನ ಬ್ಲೇಡು. ಹರಿತ ತಗ್ಗಿದರೆ ಗಾಜಿನ ಲೋಟದ ಒಳಗೋಡೆಗೆ ಬೆರಳಿಂದ ಒತ್ತಿ, ಅತ್ತಿತ್ತ ತೀಡಿ, ಇನ್ನೊಂದು ವಾರ ಸೇವಾವಧಿ ವಿಸ್ತರಿಸುತ್ತಿದ್ದರು. ಗಡ್ಡದ ಇಲಾಖೆಯಿಂದ ನಿವೃತ್ತಿಯಾದ ಮೇಲೂ ಬ್ಲೇಡಿಗೆ ಮರುನೇಮಕ ತಪ್ಪುತ್ತಿರಲಿಲ್ಲ. ಮೊದಲು ಅಮ್ಮನ ಹೊಲಿಗೆ ಬಿಚ್ಚುವುದಕ್ಕೆ, ಆಮೇಲೆ ಅಪ್ಪನ ಕಾಲಿನ ಆಣಿಗೆ, ಆಮೇಲೆ ಕಿಟಕಿಯ ಗಾಜಿಗೆ ಹಾರಿದ ಬಣ್ಣ ಕೆರೆಯುವುದಕ್ಕೆ. ಉದ್ದಕ್ಕೆ ಮುರಿದ ಅರ್ಧ ನನ್ನ ಕಂಪಾಸ್ ಬಾಕ್ಸಿಗೆ. ಕೆಲಸವಿಲ್ಲದ ಬ್ಲೇಡುಗಳನ್ನು ಕ್ಯಾಲೆಂಡರಿನ ಮೊಳೆಗೆ ನೇತುಹಾಕುತ್ತಿದ್ದರು. ಬ್ಲೇಡಿನ ನಡುವಿನ ತೂತು ಇರುವುದೇ ಮೊಳೆಗಾಗಿ ಎಂದು ನಾನು ಹೈಸ್ಕೂಲಿನವರೆಗೆ ನಂಬಿದ್ದೆ. ಅಮೆರಿಕದ ಹಳೆಯ ಮನೆಗಳಲ್ಲಿ ಬಚ್ಚಲಿನ ಕನ್ನಡಿ ಬೀರುವಿನ ಹಿಂಬದಿಗೆ ಒಂದು ಸಣ್ಣ ಸೀಳು ಇರುತ್ತಿತ್ತು. ಬಳಸಿದ ಬ್ಲೇಡನ್ನು ಅದರೊಳಗೆ ತೂರಿಸಿದರೆ ನೇರ ಗೋಡೆಯ ಹೊಟ್ಟೆಗೆ. ಇದನ್ನು ಅಪ್ಪ ಕೇಳಿದ್ದರೆ ಗೋಡೆ ಒಡೆಸಿ ತೆಗೆಸುತ್ತಿದ್ದರು.

ಇಷ್ಟಕ್ಕೂ ಕೂದಲಿನಂಥ ಕೂದಲಿಗೆ ಉಕ್ಕು ಹೇಗೆ ಮೊಂಡಾಗುತ್ತದೆ? ಮಸಾಚುಸೆಟ್ಸಿನ ಎಂಐಟಿಯವರು ಇದನ್ನೇ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ 2020ರಲ್ಲಿ ವರದಿ ಮಾಡಿದರು. ಕೂದಲು ಉಕ್ಕಿಗಿಂತ ಸುಮಾರು 50 ಪಟ್ಟು ಮೆತ್ತಗೆ. ಆದರೂ ಬ್ಲೇಡು ಬರೀ ಸವೆಯುವುದಿಲ್ಲ. ಕೂದಲು ಓರೆಯಾಗಿ ಬಾಗಿ ಅಂಚಿನ ದುರ್ಬಲ ಜಾಗಕ್ಕೆ ಒತ್ತಿದಾಗ ಅಲ್ಲಿ ಸಣ್ಣ ಚಕ್ಕೆಯೇ ಎದ್ದುಹೋಗುತ್ತದೆ. ಮೆತ್ತಗಿರುವವರು ದಿನಾ ಒತ್ತುತ್ತ ಹೋದರೆ ಎಂಥ ಉಕ್ಕಿನ ಮನುಷ್ಯನೂ ಚಕ್ಕೆಯೇಳುತ್ತಾನೆ ಎಂಬುದು ಮೂವತ್ತು ವರ್ಷ ಸಂಸಾರ ಮಾಡಿದ ನನಗೆ ಹೊಸ ಸಂಶೋಧನೆಯೇನಲ್ಲ.

ಭಾನುವಾರದ ಕಥೆಗೆ ಬರುತ್ತೇನೆ. ರೇಜರ್ ಬಾಯಿ ಕಟ್ಟಿದ್ದಕ್ಕೆ ಕಾರಣ ನಮ್ಮ ಬೋರ್‌ವೆಲ್ ನೀರು. ಗಡಸು ನೀರಿನ ಸುಣ್ಣ ಸೋಪಿನ ಜೊತೆ ಸೇರಿ ಜಿಗುಟಾದ ಬಿಳಿ ಕಿಟ್ಟವಾಗುತ್ತದೆ. ಅದು ಹಲ್ಲಿನ ಸಂದಿಯಲ್ಲಿ, ತಿರುಪಿನ ಸುತ್ತಿನಲ್ಲಿ ಕೂತು ಒಣಗಿದರೆ ಸಿಮೆಂಟು. ಅಪ್ಪ ಪ್ರತಿ ಸಲವೂ ಬಿಚ್ಚಿ, ತೊಳೆದು, ಒರೆಸಿ ಇಡುತ್ತಿದ್ದರು. ನಾನು ನಲ್ಲಿಯ ಕೆಳಗೆ ಒಮ್ಮೆ ಹಿಡಿದು ಲೋಟದಲ್ಲಿ ನಿಲ್ಲಿಸಿ ಆಫೀಸಿಗೆ ಓಡುವವನು. ಸುಣ್ಣಕ್ಕೆ ಹುಳಿಯೇ ಮದ್ದು ಎಂದು ಶಾಲೆಯಲ್ಲಿ ಓದಿದ್ದು ನೆನಪಾಯಿತು. ಹೆಂಡತಿ ಗೋಬಿ ಮಂಚೂರಿಗೆ ತಂದಿಟ್ಟಿದ್ದ ವಿನಿಗರನ್ನು ಲೋಟಕ್ಕೆ ಸುರಿದು, ರೇಜರನ್ನು ಬ್ಲೇಡಿನ ಸಮೇತ ಮುಳುಗಿಸಿ ಮಲಗಿದೆ. ಅರ್ಧ ಗಂಟೆ ಸಾಕಾಗಿತ್ತು. ನಾನು ಎಂಟು ಗಂಟೆ ನಿದ್ದೆ ಮಾಡುವವನು.

ಬೆಳಿಗ್ಗೆ ಮುಟ್ಟಿದರೆ ಸಾಕು, ತಲೆ ಬಿಚ್ಚಿಕೊಂಡಿತು. ಆದರೆ ಒಳಗಿನ ಬ್ಲೇಡು ಕರ್ರಗೆ. ಉಳಿದಿದ್ದ ನಿಕ್ಕಲ್ ಅಲ್ಲಲ್ಲಿ ಎದ್ದುಹೋಗಿ, ಹಿತ್ತಾಳೆ ಕಂಡಲ್ಲೆಲ್ಲ ಗುಲಾಬಿ ಬಣ್ಣ. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವಿನ ಕೂಡು ಕುಟುಂಬ. ಹುಳಿಯಲ್ಲಿ ಹೆಚ್ಚು ಹೊತ್ತು ನೆನೆದರೆ ಸತು ಮನೆ ಬಿಟ್ಟು ಹೋಗಿ ತಾಮ್ರ ಒಂಟಿಯಾಗಿ ಕೆಂಪಗೆ ಕೂರುತ್ತದೆ. ಅಪ್ಪನ ರೇಜರನ್ನು ಅಂಗೈಯಲ್ಲಿಟ್ಟುಕೊಂಡು ತಪ್ಪಿತಸ್ಥನಂತೆ ಅಮ್ಮನ ಮುಂದೆ ನಿಂತೆ. ಎಂಬತ್ತು ದಾಟಿದ ಅಮ್ಮ ಕನ್ನಡಕ ಏರಿಸಿ ನೋಡಿದರು, ಮೂಸಿ ನೋಡಿದರು.

"ರಾತ್ರಿಯೆಲ್ಲಾ ನೆನೆಹಾಕಿದ್ಯಾ? ಶೇವಿಂಗ್ ಸೆಟ್ಟಿಗೆ ಯಾರಾದ್ರೂ ಉಪ್ಪಿನಕಾಯಿ ಹಾಕ್ತಾರೇನೋ?"

ಹೆಂಡತಿ ಪಾತ್ರೆ ಉಜ್ಜುವ ಪುಡಿ ಮುಂದೆ ಮಾಡಿದಳು. "ಅದು ಬೇಡಮ್ಮಾ, ಗೀರು ಬೀಳುತ್ತೆ" ಎಂದು ಅಮ್ಮ ಅಡುಗೆಮನೆಯಿಂದ ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು ತರಿಸಿದರು. ಗೌರಿಹಬ್ಬಕ್ಕೆ ದೀಪದ ಕಂಬ ಬೆಳಗುವ ಅದೇ ಕೈ, ಅದೇ ಹುಣಸೆ. ಟೋಪಿ, ಪಟ್ಟಿ, ಹಿಡಿ ಬೇರೆ ಬೇರೆ ಮಾಡಿಕೊಂಡು, ಹಚ್ಚಿ, ಬೆರಳಿಂದ ಉಜ್ಜಿ, ಎರಡೇ ನಿಮಿಷಕ್ಕೆ ತೊಳೆದುಬಿಟ್ಟರು. ಹಲ್ಲಿನ ಸಂದಿಗೆ ನನ್ನ ಹಳೆಯ ಟೂತ್‌ಬ್ರಷ್ಷು, ಬಿಸಿನೀರು, ಒಂದು ಹನಿ ಪಾತ್ರೆ ತೊಳೆಯುವ ಸೋಪು. ಹತ್ತಿ ಬಟ್ಟೆಯಲ್ಲಿ ಒರೆಸಿ, ತಿರುಪಿಗೆ ಹೊಲಿಗೆ ಮೆಷಿನ್ನಿನ ಎಣ್ಣೆ ಒಂದು ತೊಟ್ಟು. ಕೊಬ್ಬರಿ ಎಣ್ಣೆ ಬಿಡೋಣವೆಂದೆ. "ಅದು ಅಂಟಾಗಿ ಕೂರುತ್ತೆ, ನಿಮ್ಮಪ್ಪ ಒಂದ್ಸಲ ಹಾಕಿ ಪಾಡುಪಟ್ಟಿದ್ರು" ಎಂದರು. ಅಂದರೆ ಅಪ್ಪನೂ! ನನಗೆ ಎಷ್ಟೋ ಸಮಾಧಾನವಾಯಿತು. ಹೋದ ನಿಕ್ಕಲ್ ಬರಲಿಲ್ಲ. ಗುಲಾಬಿ ಹೋಗಿ ಹಳದಿ ಬಂತು, ಹೆಬ್ಬೆರಳಿನ ಜಾಗ ಹಾಗೇ ಉಳಿಯಿತು.

ಅವತ್ತಿನಿಂದ ನಾನೂ ಅಪ್ಪನ ಹಾಗೆ ಬಿಚ್ಚಿ ತೊಳೆಯುತ್ತೇನೆ. ಬ್ಲೇಡನ್ನು ಮಾತ್ರ ಒರೆಸಲು ಹೋಗುವುದಿಲ್ಲ. ಅಂಚೂ ಕೆಡುತ್ತದೆ, ಬೆರಳೂ ಹೋಗುತ್ತದೆ. ನೀರು ಜಾಡಿಸಿ ಗಾಳಿಗೆ ಬಿಟ್ಟರೆ ಸಾಕು. ಹಳೆ ಬ್ಲೇಡುಗಳಿಗೆ ಪೌಡರಿನ ಡಬ್ಬಿಯೊಂದಕ್ಕೆ ಸೀಳು ಕೊರೆದಿಟ್ಟಿದ್ದೇನೆ. ಕಸದ ಬುಟ್ಟಿಗೆ ಹಾಗೇ ಎಸೆದರೆ ಅದು ಮೊದಲು ಸಿಗುವುದು ಬೆಳಿಗ್ಗೆ ಕಸ ವಿಂಗಡಿಸುವ ಪೌರಕಾರ್ಮಿಕರ ಕೈಗೆ. ಡಬ್ಬಿ ತುಂಬಲು ಇನ್ನೂ ಐದಾರು ವರ್ಷ ಬೇಕು.

ನಿನ್ನೆ ಸಂಜೆ ಮಗ ತನ್ನ ಟ್ರಿಮ್ಮರ್ ಹಿಡಿದು ಹಾಲಿಗೆ ಬಂದ. ಸಿನಿಮಾ ನಾಯಕನ ಗಡ್ಡ ಅವನದು. ಅದನ್ನು ಬೆಳೆಸುವುದಕ್ಕಿಂತ ಬೆಳೆಯದಂತೆ ಕಾಯುವುದೇ ಕಷ್ಟವಂತೆ. "ಚಾರ್ಜ್ ನಿಲ್ತಾ ಇಲ್ಲಪ್ಪಾ. ಬ್ಯಾಟರಿ ಬದಲಾಯಿಸೋಕಾಗಲ್ಲ, ಬಿಚ್ಚೋಕೇ ಬರಲ್ಲ, ಹೊಸದೇ ತಗೊಳ್ಳಿ ಅಂದ್ರು. ತಗೊಂಡು ಎರಡು ವರ್ಷವೂ ಆಗಿಲ್ಲ."

ಅಮ್ಮ ಕೈ ಚಾಚಿ ಇಸಿದುಕೊಂಡರು. ಹಿಂದೆ ಮುಂದೆ ತಿರುಗಿಸಿ, ತಿರುಪು ಎಲ್ಲಿದೆಯೆಂದು ಹುಡುಕಿ, ಎಲ್ಲೂ ಸಿಗದೆ ಮೊಮ್ಮಗನ ಮುಖವನ್ನು ಕನಿಕರದಿಂದ ನೋಡಿದರು.

"ಹುಣಸೆಹಣ್ಣು ಹಚ್ಚಿ ನೋಡಿದ್ಯೇನೋ, ಮಗು?"